ಸ್ಕೇಲಿಟ್ಟು ಎಳೆದ ರೈಲು

ವೀಕೆಂಡಿಗೆ ವಯನಾಡು ಅಂತ ಶುಕ್ರವಾರ ಸಂಜೆ ಆಫೀಸಿಂದ ಹೊರಟು, ಒಂಬತ್ತರ ಒಳಗೆ ಗುಂಡ್ಲುಪೇಟೆ ಆಚೆಯ ಮದ್ದೂರು ಚೆಕ್‌ಪೋಸ್ಟ್ ದಾಟೋಕೆ ಕಾರು ಓಡಿಸಿದವರಿಗೆಲ್ಲ ಈ ಕನಸು ಪರಿಚಯವೇ: ನಂಜನಗೂಡಿಂದ ಸುಲ್ತಾನ್ ಬತ್ತೇರಿ ಮೇಲೆ ನಿಲಂಬೂರಿಗೆ ರೈಲು. ಕೇರಳದ ಹಳೇ ಬೇಡಿಕೆ ಇದು. ನನ್ನ ಗೆಳೆಯರ ಬಾಯಲ್ಲಿ ಅದಕ್ಕೀಗ ‘ಹೈಸ್ಪೀಡ್’ ಅನ್ನೋ ಬಾಲವೂ ಸೇರಿದೆ. ಚೀನಾದವರು 2021ರಲ್ಲಿ ಲಾಸಾದಿಂದ ಅರುಣಾಚಲದ ಗಡಿ ಹತ್ತಿರದ ನಿಂಗ್ಚಿವರೆಗೆ ಗಂಟೆಗೆ 160 ಕಿ.ಮೀ. ಓಡೋ ರೈಲು ಬಿಟ್ಟಿಲ್ವಾ, ನಮ್ಮ ಕೈಲಿ ಯಾಕಾಗಲ್ಲ ಅಂತ ವಾದ. ಆ 435 ಕಿ.ಮೀ. ದಾರಿಯಲ್ಲಿ ಮುಕ್ಕಾಲು ಭಾಗ ಬರೀ ಸೇತುವೆ, ಸುರಂಗ ಅನ್ನೋದನ್ನ ಯಾರೂ ಹೇಳಲ್ಲ.

ನಾವು ಈ ಕಡೆಯವರು ‘ಬಂಡೀಪುರದ ಆನೆ’ ಅಂದು ವಾದ ಮುಗಿಸಿಬಿಡ್ತೀವಿ. ಆ ಮಾತು ಸುಳ್ಳಲ್ಲ. ಪಾಲಕ್ಕಾಡಿನ ವಾಳಯಾರ್ ಹತ್ತಿರ ರೈಲಿಗೆ ಸಿಕ್ಕಿ ಸತ್ತ ಆನೆಗಳನ್ನ ನೆನೆಸ್ಕೊಂಡರೆ ಸಾಕು. ಕಾಡಲ್ಲಿ ರೈಲು ಬಿಡೋದಾದರೆ ನಿಧಾನಕ್ಕೇ ಬಿಡಬೇಕು. ಆದರೆ ನಕ್ಷೆ ನೋಡಿದವರಿಗೆ ಇನ್ನೊಂದು ತೊಡಕು ಕಾಣಬೇಕು. ನಂಜನಗೂಡಿಂದ ಬತ್ತೇರಿವರೆಗಿನದು ಪ್ರಸ್ಥಭೂಮಿ, ಅಂಥ ದೊಡ್ಡ ಬೆಟ್ಟವೇನಿಲ್ಲ. ನಿಜವಾದ ಪ್ರಪಾತ ಇರೋದು ಅದರಾಚೆ. ಬತ್ತೇರಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ನಿಲಂಬೂರು ಹೆಚ್ಚುಕಮ್ಮಿ ಕರಾವಳಿಯ ಮಟ್ಟ. ಗೂಡ್ಸನ್ನೂ ಎಳೀಬೇಕಾದ ನಮ್ಮ ಬ್ರಾಡ್‌ಗೇಜಿಗೆ 50 ಮೀಟರಿಗೆ ಒಂದು ಮೀಟರ್ ಇಳಿಜಾರು ಅಂದರೇ ಬಹಳ ಕಡಿದು. ಆ ಲೆಕ್ಕದಲ್ಲೂ ಇಳಿಯೋಕೆ 40 ಕಿ.ಮೀ.ಗಿಂತ ಹೆಚ್ಚು ಹಳಿ ಸುತ್ತಿಸಬೇಕು. ಇದೇ ಇಳಿಜಾರಿನ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ನಮ್ಮ ಕಣ್ಣೆದುರಿಗಿದೆ: 55 ಕಿ.ಮೀ., 57 ಸುರಂಗ, ವೇಗ ಗಂಟೆಗೆ 30. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. 2024ರ ಜುಲೈನಲ್ಲಿ ಚೂರಲ್‌ಮಲ, ಮುಂಡಕ್ಕೈ ಕೊಚ್ಚಿಹೋದದ್ದು ಇದೇ ವಯನಾಡಲ್ಲಿ ಕಣ್ರೀ.

ಹಾಗಂತ ಬತ್ತೇರಿಯವರ ಸಿಟ್ಟನ್ನ ತಳ್ಳಿಹಾಕೋಕೆ ನನಗೆ ಮನಸ್ಸು ಬರಲ್ಲ. ಅವರ ಜಿಲ್ಲೆಯಲ್ಲಿ ಒಂದೇ ಒಂದು ರೈಲ್ವೆ ಸ್ಟೇಷನ್ನಿಲ್ಲ. 2009ರಿಂದ ರಾತ್ರಿ ರಸ್ತೆಯೂ ಬಂದ್. ನಮಗದು ವೀಕೆಂಡಿನ ಕಿರಿಕಿರಿ, ಅವರಿಗೆ ದಿನನಿತ್ಯದ ಬದುಕು. ನಮ್ಮೂರು ತಿ.ನರಸೀಪುರ. ಕಾವೇರಿ, ಕಪಿಲೆ ಎರಡೂ ಬಂದು ಸೇರೋ ಊರಿಗೆ ರೈಲು ಮಾತ್ರ ಬರಲಿಲ್ಲ. ಪಕ್ಕದ ನಂಜನಗೂಡಿಗೆ 1891ರಲ್ಲೇ ಬಂತು. 1735ರ ದಳವಾಯಿ ಸೇತುವೆ ಮೇಲೆ ಬಸ್ಸಿನ ಪಕ್ಕದಲ್ಲೇ ಮೀಟರ್‌ಗೇಜ್ ಗಾಡಿ ಹೋಗೋದನ್ನ ನೋಡಿ ಹೊಟ್ಟೆ ಉರಿಸ್ಕೊಂಡವನು ನಾನು. ರೈಲಿಲ್ಲದ ಊರಿನವನಿಗೆ ‘ಪರಿಸರ’ ಅಂತ ಉಪದೇಶ ಮಾಡೋದು ಸುಲಭ, ಕೇಳಿಸ್ಕೊಳ್ಳೋದು ಕಷ್ಟ.

ನನ್ನ ತಕರಾರು ಆ ‘ಹೈಸ್ಪೀಡ್’ ಅನ್ನೋ ಪದದ ಮೇಲೆ. ಕಾಡಲ್ಲಿ ನಿಧಾನ, ಘಾಟಿಯಲ್ಲಿ ನಿಧಾನ. ಮಿಕ್ಕಿದ್ದು ಗುಂಡ್ಲುಪೇಟೆ ಬಯಲು. ಅಷ್ಟಕ್ಕೆ ಸಾವಿರಾರು ಕೋಟಿ ಲೆಕ್ಕ ಹಾಕೋರು, ಮೈಸೂರು–ಚಾಮರಾಜನಗರದ 61 ಕಿ.ಮೀ. ಹಳಿ ಮೇಲೆ ಇನ್ನೆರಡು ಪ್ಯಾಸೆಂಜರ್ ಗಾಡಿ ಬಿಡಿ ಅಂತ ಯಾಕೆ ಕೇಳಲ್ಲ? ನಂಜನಗೂಡಿನ ಫ್ಯಾಕ್ಟರಿಗಳಿಗೆ ಶಿಫ್ಟಿಗೆ ಹೋಗೋರು ವೀಕೆಂಡ್ ನೋಡ್ಕೊಂಡು ಹೊರಡೋದಿಲ್ಲ. ನಂಜನಗೂಡಿಂದ ನಮ್ಮೂರಿಗೊಂದು ಹಳಿ ಹಾಕೋದಾದರೆ ದಾರಿಯೆಲ್ಲ ಗದ್ದೆ ಬಯಲು. ಸುರಂಗ ಬೇಡ, ಘಾಟಿ ಇಲ್ಲ. ಚಿರತೆ ಇದೆ, ಆ ಮಾತು ಬೇರೆ.