‘ಕೆಂಪೇರು’ ಎಂಬ ಶಬ್ದದ ಅರ್ಥವಿಚಾರ

ಕಾವ್ಯಪಾಠದಲ್ಲಿ ‘ಕೆನ್ನೆ ಕೆಂಪೇರಿತು’ ಎಂದು ಬಂದೊಡನೆ ‘ನಾಚಿದಳು’ ಎಂದು ಅರ್ಥ ಹೇಳುವ ರೂಢಿಯುಂಟು. ಇದು ವಿಚಾರಣೀಯವಾದುದು. ನಾಣ್, ಸಿಗ್ಗು ಎಂಬ ನಮ್ಮ ಮಾತುಗಳಲ್ಲಾಗಲಿ, ಅಮರಸಿಂಹನು ಪರ್ಯಾಯವಾಗಿ ಹೇಳಿದ ಹ್ರೀ, ತ್ರಪಾ, ವ್ರೀಡಾ, ಲಜ್ಜಾ ಎಂಬ ಪದಗಳಲ್ಲಾಗಲಿ ಕೆಂಬಣ್ಣದ ಸೂಚನೆಯಿಲ್ಲ. ಅಲ್ಲಿಯೇ ಪಠಿತವಾದ ‘ಮಂದಾಕ್ಷ’ವಾದರೋ ಲಜ್ಜೆಯ ನೆಲೆಯನ್ನು ಕಣ್ಣಿನಲ್ಲಿ ತೋರಿಸುತ್ತದೆ, ಕೆನ್ನೆಯಲ್ಲಲ್ಲ. ಭರತನೂ ವ್ರೀಡೆಗೆ ತಲೆಬಾಗುವುದು, ನೆಲವನ್ನು ಗೀರುವುದು, ಉಂಗುರವನ್ನು ಮುಟ್ಟುವುದು ಮೊದಲಾದ ಅನುಭಾವಗಳನ್ನು ಹೇಳಿ, ಬಣ್ಣದ ಮಾರ್ಪಾಟನ್ನು ‘ವೈವರ್ಣ್ಯ’ವೆಂಬ ಸಾತ್ತ್ವಿಕಭಾವವಾಗಿ ಬೇರೆ ಇರಿಸಿದನು, ಅದಕ್ಕೆ ಶೀತ, ಕ್ರೋಧ, ಭಯ, ಶ್ರಮ, ರೋಗ, ತಾಪಾದಿಗಳನ್ನು ಕಾರಣವೆಂದನು.

ಹಾಗಾದರೆ ನಾಚಿದ ಕೆನ್ನೆ ಕೆಂಪಾಗದೆ? ಆಗುತ್ತದೆ, ಲೋಕಾನುಭವವನ್ನು ಅಲ್ಲಗಳೆಯಲಾಗದು. ಆದರೆ ಮುನಿಸಿನಿಂದಲೂ ಬಿಸಿಲಿನಿಂದಲೂ ಕೆಂಪೇರುವುದುಂಟು. ಕೆಂಪು ಕಾರ್ಯ, ನಾಚಿಕೆ ಅದರ ಕಾರಣಗಳಲ್ಲೊಂದು. ಕಾರ್ಯವಾಚಕವು ಕಾರಣವಾಚಕಕ್ಕೆ ಪರ್ಯಾಯವಾಗಲಾರದು. ಬಣ್ಣಕ್ಕೇ ಸಮಪದ ಬೇಕಾದರೆ ನಸುಗೆಂಪಾದ ‘ಅರುಣ’ವೂ ಬಿಳಿಗೆಂಪಾದ ‘ಪಾಟಲ’ವೂ ಕೆನ್ನೆಗೆ ಒಪ್ಪುವುವು. ನಾಚಿಕೆಯಾದರೋ ಅಲ್ಲಿ ವ್ಯಂಗ್ಯ, ವಾಚ್ಯವಲ್ಲ. ಅದನ್ನು ಸ್ವಶಬ್ದದಿಂದ ಹೇಳಿಬಿಟ್ಟರೆ, ಕವಿಯು ಜಾಣ್ಮೆಯಿಂದ ಪರಿಹರಿಸಿದ ದೋಷವನ್ನು ವ್ಯಾಖ್ಯಾನಕಾರನೇ ತಂದೊಡ್ಡಿದಂತಾಗುವುದು. ಅಧ್ಯಾಪಕರು ಬಣ್ಣವನ್ನು ತೋರಿಸಿ, ಭಾವವನ್ನು ಸಂದರ್ಭದಿಂದ ವಿದ್ಯಾರ್ಥಿಯೇ ಊಹಿಸುವಂತೆ ಬಿಡುವುದು ಲೇಸು.