ಲಕ್ಷ್ಮಿ ಬದುಕಿದ್ದಿದ್ದರೆ

ಟಿ.ಕೆ. ರಾಮರಾವ್ ಕಾದಂಬರಿ ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ ‘ಬಂಗಾರದ ಮನುಷ್ಯ’ (1972) ಚಿತ್ರದ ಕೊನೆಯ ಬಗ್ಗೆ ಕೊತ್ತತ್ತಿಯ ನಮ್ಮ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ತಾನೇ ಸಾಕಿದ ಸೋದರಳಿಯ ಹಂಗಿಸಿದಾಗ ರಾಜೀವ ಮನೆ, ಭೂಮಿ ಎಲ್ಲವನ್ನೂ ಬಿಟ್ಟು ನಡೆದುಬಿಡುತ್ತಾನೆ. ಅಪ್ಪನಿಗೆ ಅದು ದೊಡ್ಡತನ. ಅಣ್ಣತಮ್ಮಂದಿರು ಭಾಗ ಮಾಡಿಕೊಂಡ ದಿನ ಅಪ್ಪನೂ ನಾಲೆ ಬಯಲಿನ ಗದ್ದೆಯನ್ನು ಹಾಗೆಯೇ ಬಿಟ್ಟುಕೊಟ್ಟಿದ್ದ. ಅವ್ವ ಕೇಳುವುದೇ ಬೇರೆ: “ಲಕ್ಷ್ಮಿ ಬದುಕಿದ್ದಿದ್ರೆ ಅವ್ನು ಹಂಗೆ ಎದ್ದೋಗಕ್ಕಾಗ್ತಿತ್ತಾ?”

ಸಂಶೋಧನೆಗೆ ಸೇರಿದ ಮೇಲೂ ಈ ಮಾತನ್ನು ಮನೆಯ ಸಿಟ್ಟೆಂದು ತಳ್ಳಿಹಾಕಿದ್ದೆ. ಈಗ ನೋಡಿದರೆ ಅದು ಚಿತ್ರದ ಹೆಣಿಗೆಯನ್ನೇ ಹಿಡಿದ ವಿಮರ್ಶೆ. ನೆಲ ಹಸನು ಮಾಡುವ ದುಡಿಮೆಯನ್ನು ಅಷ್ಟು ಹೊತ್ತು ತೋರಿಸುವ ಕಥೆ, ತ್ಯಾಗದ ಹೊತ್ತಿಗೆ ರಾಜೀವನಿಗೆ ಹೆಂಡತಿಯನ್ನೂ ಉಳಿಸಿರುವುದಿಲ್ಲ, ಮಕ್ಕಳನ್ನೂ ಕೊಟ್ಟಿರುವುದಿಲ್ಲ. ಹಾಗಾಗಿ ಅವನು ಬಿಟ್ಟುಕೊಡುವುದು ತನ್ನೊಬ್ಬನ ಪಾಲನ್ನು. ಅಪ್ಪ ಬಿಟ್ಟುಕೊಟ್ಟದ್ದರಲ್ಲಿ ಅವ್ವನದೂ ನನ್ನದೂ ಸೇರಿತ್ತು.

ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ, ಪಟ್ಟಣ ಸೇರಿದವರನ್ನು ಬೇಸಾಯಕ್ಕೆ ಮರಳಿಸಿತೆಂದು ಹೆಸರಾದ ಚಿತ್ರವಿದು. ಆ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ರಾಜೀವ ಹೊರಟು ನಿಂತಾಗ ಇಂದಿಗೂ ನನ್ನ ಕಣ್ಣು ತುಂಬುತ್ತದೆ. ಪಕ್ಕದಲ್ಲಿ ಕೂತ ಅವ್ವ ಮಾತ್ರ ಅಳುವುದಿಲ್ಲ.