‘ಸಂಸ್ಕಾರ’ದ ಅಗ್ರಹಾರ: ಗುಂಪು ಮತ್ತು ನಂಟು

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯನ್ನು ಕುರಿತ ವಿಮರ್ಶೆಗಳಲ್ಲಿ ಹೆಚ್ಚಿನವು ಪ್ರಾಣೇಶಾಚಾರ್ಯರ ಅಂತರಂಗದ ತುಮುಲವನ್ನೇ ಕೇಂದ್ರವಾಗಿ ಹಿಡಿದಿವೆ. ಅದು ತಪ್ಪಲ್ಲ. ಆದರೆ ಆಚಾರ್ಯರ ಬೆನ್ನು ಹತ್ತಿ ಕಾಡಿನ ದಾರಿ ಹಿಡಿಯುವ ವಾಚಕನು ದೂರ್ವಾಸಪುರದ ಅಗ್ರಹಾರವನ್ನು ಬೇಗನೆ ಮರೆತುಬಿಡುತ್ತಾನೆ. ಒಂದು ಗುಂಪಿನ ಮನಸ್ಸು ಹೇಗೆ ನಡೆಯುತ್ತದೆಂಬುದನ್ನು ಕೃತಿಯ ಪೂರ್ವಾರ್ಧವು ಚಿತ್ರಿಸಿದೆ. ಕಾದಂಬರಿಯ ನಿಜವಾದ ಬಲವಿರುವುದು ಅಲ್ಲಿ ಎಂದು ನನ್ನ ಅಭಿಪ್ರಾಯ.

ನಾರಣಪ್ಪನು ಆಚಾರಗಳನ್ನೆಲ್ಲ ಮುರಿದವನು. ಆದರೂ ಬದುಕಿದ್ದಾಗ ಅವನಿಗೆ ಬಹಿಷ್ಕಾರ ಬೀಳಲಿಲ್ಲ; ಹಾಕಿದರೆ ಮುಸಲ್ಮಾನನಾಗುವೆನೆಂದು ಬೆದರಿಸಿದ್ದನು. ಹೀಗೆ ಒಳಗಿನವನೂ ಅಲ್ಲದೆ ಹೊರಗಿನವನೂ ಅಲ್ಲದೆ ಉಳಿದವನು ಸತ್ತಾಗ, ಗುಂಪು ಮುಂದೂಡುತ್ತ ಬಂದ ತೀರ್ಮಾನವೇ ಹೆಣವಾಗಿ ಬೀದಿಯ ನಡುವೆ ಬಿದ್ದಿತು. ದಹನವಾಗುವವರೆಗೆ ಯಾರೂ ಉಣ್ಣುವಂತಿಲ್ಲ. ದಹನಕ್ಕೆ ಯಾರೂ ಮುಂದಾಗುವಂತಿಲ್ಲ.

ಮನಶ್ಶಾಸ್ತ್ರಜ್ಞ ಮುಜಾಫರ್ ಶೆರೀಫ್ ಅವರು 1954ರಲ್ಲಿ ಅಮೆರಿಕದ ಓಕ್ಲಹೋಮದ ಬೇಸಿಗೆ ಶಿಬಿರವೊಂದರಲ್ಲಿ 22 ಮಂದಿ ಬಾಲಕರನ್ನು ಎರಡು ತಂಡಗಳಾಗಿ ಮಾಡಿ, ಪಂದ್ಯಗಳನ್ನೊಡ್ಡಿ ಹಗೆ ಬೆಳೆಯಗೊಟ್ಟರು. ಆಮೇಲೆ ಶಿಬಿರದ ನೀರು ನಿಲ್ಲುವಂತೆ ಮಾಡಿದರು. ಇಂಥ ಹಲವು ಕಷ್ಟಗಳಲ್ಲಿ ಎರಡು ತಂಡಗಳೂ ಕೂಡಿ ದುಡಿಯಬೇಕಾಗಿ ಬಂದು ಹಗೆ ಇಳಿಯಿತು. ದೂರ್ವಾಸಪುರಕ್ಕೂ ಇಂಥದೊಂದು ಸಮಾನ ಗುರಿ ಇದ್ದಿತಲ್ಲವೇ? ಅದೇಕೆ ಅವರನ್ನು ಕೂಡಿಸಲಿಲ್ಲ?

ಚಂದ್ರಿ ಬಿಚ್ಚಿಟ್ಟ ಒಡವೆಗಳಲ್ಲಿ ಉತ್ತರವಿದೆ. ಅದುವರೆಗೆ ಗರುಡಾಚಾರ್ಯನೂ ಲಕ್ಷ್ಮಣಾಚಾರ್ಯನೂ ಸಂಸ್ಕಾರದ ಹೊರೆಯನ್ನು ಒಬ್ಬರ ಮೇಲೊಬ್ಬರು ನೂಕುತ್ತಿದ್ದರು. ಚಿನ್ನ ಕಂಡೊಡನೆ ಹೊರೆಯೇ ಹಕ್ಕಾಯಿತು. ದಹನ ಎಲ್ಲರಿಗೂ ಬೇಕು, ಚಿನ್ನ ಮಾತ್ರ ಒಬ್ಬನಿಗೇ ದಕ್ಕುವಂಥದು. ಲಕ್ಷ್ಮಣನ ಹೆಂಡತಿ ಅನಸೂಯೆಗಂತೂ ಅದು ತೀರಿಹೋದ ತನ್ನ ಒಡಹುಟ್ಟಿದವಳ ಮೈಮೇಲಿರಬೇಕಾಗಿದ್ದ ಒಡವೆ. ಬಾಯಲ್ಲಿ ಧರ್ಮಶಾಸ್ತ್ರ, ಒಳಗೆ ದಾಯಾದಿಗಳ ಮತ್ತು ಬೀಗರ ಹಳೆಯ ಲೆಕ್ಕ! ಗುಂಪಿನ ಕಟ್ಟಳೆ ಹಸಿವೆಯೆದುರು ಎಷ್ಟು ತೆಳುವೆಂಬುದನ್ನು, ಪಾರಿಜಾತಪುರದ ಸ್ಮಾರ್ತರ ಮನೆಯಲ್ಲಿ ಗುಟ್ಟಾಗಿ ತಿಂಡಿ ತಿನ್ನುವ ದಾಸಾಚಾರ್ಯನಲ್ಲಿ ಕಾಣಬಹುದು.

ಕಡೆಗೆ ಹೆಣ ಸುಟ್ಟವರಾರು? ಚಂದ್ರಿ ಮತ್ತು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ. ಕೈ ಬರಿದಾಗಿದ್ದಾಗ ನಾರಣಪ್ಪ ಸಾಲ ಕೊಟ್ಟಿದ್ದನೆಂಬ ನೆನಪೇ ಅವನಿಗೆ ಸಾಕಾಯಿತು. ಅಗ್ರಹಾರ ಕೇಳುವ ‘ಇವನು ಯಾರವನು?’ ಎಂಬ ಪ್ರಶ್ನೆ ಬ್ಯಾರಿಗೆ ಹುಟ್ಟುವುದೇ ಇಲ್ಲ. ಗಡಿಯವರಾದ ನಮಗೆ ಇದು ಹೊಸದಲ್ಲ. 1956ರಲ್ಲಿ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಿಂದ ಬೇರೆಯಾಗಿ ಆಂಧ್ರಪ್ರದೇಶಕ್ಕೆ ಸೇರಿದಾಗ ಜನರನ್ನು ಭಾಷೆಯಿಂದ ಎಣಿಸಿದರು. ಕೊಟ್ಟ ಸಾಲ, ತಂದ ಸೊಸೆ, ಕೂಡುವ ಸಂತೆ ಆ ಎಣಿಕೆಯೊಳಗೆ ಬರಲಿಲ್ಲ.

ಆದರೆ ಬ್ಯಾರಿಯನ್ನು ಲೇಖಕರು ಕೆಲಸವಾದೊಡನೆ ಕಳುಹಿಸಿಬಿಡುತ್ತಾರೆ. ಹೆಣ ಕೊಳೆಯುತ್ತಿದೆಯೆಂದೇ ನಂಬಿ ಬ್ರಾಹ್ಮಣರು ಮಠದತ್ತ ನಡೆಯುತ್ತಾರೆ; ಆಚಾರ್ಯರಿಗೂ ದಹನದ ಸುದ್ದಿ ಮುಟ್ಟುವುದಿಲ್ಲ. ಮುಟ್ಟಿದ್ದರೆ ಅಗ್ರಹಾರವು ಬ್ಯಾರಿಯ ಋಣವನ್ನು ಒಪ್ಪುತ್ತಿತ್ತೇ, ಅಥವಾ ಹೊಸ ಪ್ರಾಯಶ್ಚಿತ್ತವೊಂದನ್ನು ಹುಡುಕುತ್ತಿತ್ತೇ? ಈ ಸಂದರ್ಭವನ್ನು ತಪ್ಪಿಸಿದ್ದು ಕೃತಿಯ ಕೊರತೆಯೆಂದೇ ನಾನು ಎಣಿಸುತ್ತೇನೆ. ಮೇಲಿನ ತರಗತಿಯ ವಿದ್ಯಾರ್ಥಿಗಳು ಆ ಒಂದು ಅಧ್ಯಾಯವನ್ನು ತಾವೇ ಬರೆದು ನೋಡಬಹುದು.